ಬಳೆಯಮ್ಮನ ಕಲ್ಲಿನ ಬಳಿ ಕೇಳಿದ್ದು

ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ನಂಬುವವರ ಮುಂದೆ ಬಾಯಿ ಮುಚ್ಚಿಕೊಂಡು ಕೂರುವ ಸೌಜನ್ಯವೂ ನನಗಿರಲಿಲ್ಲ. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರು ತಾರಸಿಯಲ್ಲಿ ಗೆಜ್ಜೆಯ ಸದ್ದು ಕೇಳಿಸುತ್ತದೆ ಎಂದು ಹೇಳಿಕೊಂಡಾಗ, ನೀರಿನ ಟ್ಯಾಂಕಿನ ವಾಲ್ವ್ ಸಡಿಲವಾಗಿದೆ, ಪ್ಲಂಬರನ್ನು ಕರೆಸಿ ಎಂದವಳು ನಾನು. ವಾಲ್ವೇ ಸಡಿಲವಾಗಿತ್ತು. ಅಂಥವಳು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ಆದರೆ ನನಗೆ ಬಿಸಿಲು ಹತ್ತಿತ್ತು, ಹೊಟ್ಟೆ ಖಾಲಿಯಿತ್ತು, ವಯಸ್ಸಾಯಿತು ಎಂದೆಲ್ಲ ಸಮಾಧಾನ ಹೇಳಲು ಬರಬೇಡಿ. ಅವನ್ನೆಲ್ಲ ನನ್ನ ಮನೆಯವರೇ ಹೇಳಿ ಮುಗಿಸಿದ್ದಾರೆ.

ನಾನು ದಾವಣಗೆರೆ ಸೀಮೆಯವಳು. ಬಿ.ಎ. ಕೊನೆಯ ಪರೀಕ್ಷೆ ಬರೆದ ಕೈಗೇ ಮದರಂಗಿ ಹಚ್ಚಿಸಿಕೊಂಡು ಬಸವೇಶ್ವರನಗರದ ಈ ಮನೆಗೆ ಸೊಸೆಯಾಗಿ ಬಂದೆ. ಮಗಳು ಪಿಯುಸಿಗೆ ಸೇರಿದ ವರ್ಷ ನಾನು ಎಂ.ಎ. ಇತಿಹಾಸಕ್ಕೆ ಸೇರಿಕೊಂಡೆ. ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ, ನಕ್ಕರು ಅಷ್ಟೇ. ಮಾವನವರು ಸರ್ಕಾರಿ ನೌಕರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಪೂಜೆ ಮುಗಿಸಿ, ವಿಭೂತಿ ಹಚ್ಚಿದ ಹಣೆಯಲ್ಲೇ ಬಂದು ಹಾಲಿನಲ್ಲಿ ಕೂತು, “ಇತಿಹಾಸ ಓದಿ ಯಾವ ಕೋಟೆ ಆಳಬೇಕವ್ವ ನೀನು? ಬಿ.ಎಡ್ ಆದರೂ ಮಾಡಿದ್ರೆ ಒಂದು ಸ್ಕೂಲಿನ ಕೆಲಸ ಸಿಗ್ತಿತ್ತು” ಎನ್ನುತ್ತಿದ್ದರು. ಗಂಡ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು. ತರಗತಿಯ ಹುಡುಗರು ಮೊದಲ ವಾರ ನನ್ನನ್ನು ಆಂಟಿ ಎಂದರು. ಆಂಟಿ ಎಂದವರಿಗೆ ನೋಟ್ಸ್ ಕೊಡುವುದಿಲ್ಲ ಎಂದ ಮೇಲೆ ಅಕ್ಕ ಎಂದರು.

ಪದವಿಗೆ ಒಂದು ಕಿರುಪ್ರಬಂಧ ಬರೆಯಬೇಕಿತ್ತು. ನಾನು ಆರಿಸಿಕೊಂಡದ್ದು ಈ ನಗರದ ಪಶ್ಚಿಮ ಅಂಚಿನ ಹಳ್ಳಿಗಳ ಮಾಸ್ತಿಕಲ್ಲುಗಳನ್ನು. ಗಂಡ ಸತ್ತಾಗ ಅವನ ಚಿತೆಯಲ್ಲೇ ಸತ್ತ ಹೆಂಗಸಿನ ನೆನಪಿಗೆ ನೆಟ್ಟ ಕಲ್ಲು ಮಾಸ್ತಿಕಲ್ಲು. ಕಂಬದಿಂದ ಹೊರಟ ಒಂದು ತೋಳು, ಮೊಣಕೈ ಮಡಿಸಿ ಮೇಲೆತ್ತಿದ ಅಂಗೈ, ಮುಂಗೈ ತುಂಬ ಬಳೆ. ನಮ್ಮಲ್ಲಿ ಇದರ ಬಗ್ಗೆ ಬರೆಯುವವರೆಲ್ಲ ಒಂದೇ ವಾಕ್ಯ ಬರೆಯುತ್ತಾರೆ: ಈ ಪತಿವ್ರತೆ ಸ್ವಇಚ್ಛೆಯಿಂದ, ಸಂತೋಷದಿಂದ ಅಗ್ನಿಪ್ರವೇಶ ಮಾಡಿದಳು. ಪ್ರಬಂಧದಿಂದ ಪ್ರಬಂಧಕ್ಕೆ ಅದೇ ವಾಕ್ಯ ನಡೆದುಕೊಂಡು ಬಂದಿದೆ. ನನಗೆ ಅದನ್ನು ಓದಿದಾಗಲೆಲ್ಲ ಮೈ ಉರಿಯುತ್ತಿತ್ತು. ಇವಳು ಸಂತೋಷವಾಗಿದ್ದಳೆಂದು ಇವರಿಗೆ ಯಾರು ಹೇಳಿದರು?

ನನ್ನ ಮಾರ್ಗದರ್ಶಕರು ಒಳ್ಳೆಯ ಮನುಷ್ಯ. ನಿವೃತ್ತಿಯ ಹತ್ತಿರ ಬಂದವರು, ಆಧಾರವಿಲ್ಲದೆ ಒಂದಕ್ಷರ ಬರೆಯಲು ಬಿಡದವರು. ಆ ವಾಕ್ಯ ಬಿಡುತ್ತೇನೆ ಎಂದಾಗ ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಇಷ್ಟವಿಲ್ಲದೆ ಹೋದ್ಲು ಅನ್ನೋದಕ್ಕೆ ಆಧಾರ ಏನಮ್ಮ? ಸಂತೋಷವಾಗಿ ಹೋದ್ಲು ಅಂತ ಕಲ್ಲಲ್ಲೇ ಬರ್ದಿದೆಯಲ್ಲ.”

“ಬರೆಸಿದ್ದು ಅವಳ ಗಂಡನ ಮನೆಯವರು ಸಾರ್. ಅವಳಲ್ಲ.”

“ಹಾಗಾದ್ರೆ ಅವಳ ಮಾತು ತನ್ನಿ. ತಂದ್ರೆ ನಾನೇ ಸಹಿ ಹಾಕ್ತೀನಿ.”

ಇದು ಆಗದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಅವರ ಸಹಿ ಇಲ್ಲದೆ ಪ್ರಬಂಧ ಹೋಗುವುದಿಲ್ಲ, ಪ್ರಬಂಧ ಹೋಗದೆ ಪದವಿ ಬರುವುದಿಲ್ಲ. ನಾನೂ ಹಟಕ್ಕೆ ಬಿದ್ದೆ.

ಹೇರೋಹಳ್ಳಿಯಲ್ಲಿ ಅಂಥದೊಂದು ಕಲ್ಲಿತ್ತು. ಹಳೆಯ ಊರೇನೋ ಅಲ್ಲೇ ಇದೆ, ಆದರೆ ಅದರ ಮೈತುಂಬ ಸೈಟುಗಳು, ಮೂರಂತಸ್ತಿನ ಮನೆಗಳು. ಅಂಥ ಎರಡು ಮನೆಗಳ ನಡುವಿನ ಸಂದಿಯಲ್ಲಿ ಕಲ್ಲು ನಿಂತಿತ್ತು. ತೋಳಿಗೆ ಬೆಳ್ಳಿಬಣ್ಣದ ಪೇಂಟು ಬಳಿದಿದ್ದರು, ಕೆಳಗಿನ ಬರಹದ ಮೇಲೆ ಎಣ್ಣೆ ಅರಿಸಿನ ಗಟ್ಟಿಯಾಗಿ ಕೂತಿತ್ತು. ಊರವರಿಗೆ ಅದು ಬಳೆಯಮ್ಮ. ಹರಕೆ ಹೊತ್ತ ಹೆಂಗಸರು ಆ ಕಲ್ಲಿನ ತೋಳಿಗೆ ಹಸಿರು ಗಾಜಿನ ಬಳೆ ತೊಡಿಸಿ ಹೋಗುತ್ತಾರೆ. ತೋಳಿನಲ್ಲಿ ಜಾಗವಿಲ್ಲದೆ ಬಳೆಗಳನ್ನು ದಾರಕ್ಕೆ ಪೋಣಿಸಿ ಕಂಬಕ್ಕೂ ಸುತ್ತಿದ್ದರು. ಹಿಂದೆ ಇದನ್ನು ಓದಿ ಪ್ರಕಟಿಸಿದವರ ಪ್ರಕಾರ ಸತ್ತವಳ ಹೆಸರು ಬರಹದಲ್ಲಿರಲಿಲ್ಲ. ಗಂಡ, ಗಂಡನ ತಂದೆ, ಕಲ್ಲು ನೆಡಿಸಿದ ಗಂಡನ ಅಣ್ಣ, ಎಲ್ಲರ ಹೆಸರೂ ಇತ್ತು, ಅವಳು ಸಂತೋಷದಿಂದ ಹೋದಳೆಂಬ ಮಾತೂ ಇತ್ತು. ಕೊನೆಯ ಸಾಲು ಸವೆದಿದೆ ಎಂದು ಅವರು ಬಿಟ್ಟಿದ್ದರು. ಅಲ್ಲಿ ಅವಳ ಹೆಸರಿರಬಹುದೆಂಬ ಆಸೆಯಿಂದ ನಾನು ಅಚ್ಚು ತೆಗೆಯಲು ಹೋದೆ.

ಅಚ್ಚು ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಗಡಸು ಬ್ರಷ್ಷಿನಿಂದ ತಟ್ಟುತ್ತಾ ಹೋಗಬೇಕು. ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಅರ್ಧ ಒಣಗಿದಾಗ ಬಟ್ಟೆಯ ಉಂಡೆಯಿಂದ ಮಸಿ ಒತ್ತಿದರೆ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಆದರೆ ಬಳೆ ಇದ್ದರೆ ಕಾಗದ ಕೂರುವುದಿಲ್ಲ. ಆ ಕಲ್ಲನ್ನು ದಿನವೂ ಗುಡಿಸಿ ದೀಪ ಹಚ್ಚುತ್ತಿದ್ದವರು ಎದುರು ಮನೆಯ ಪುಟ್ಟಮ್ಮ ಎಂಬ ಮುದುಕಿ. ಅವರನ್ನು ಕೇಳಿದೆ.

“ತೆಗೆದಿದ್ದನ್ನ ನಾನಂತೂ ನೋಡಿಲ್ಲ ಕಣವ್ವ, ನಮ್ಮತ್ತೆನೂ ನೋಡಿರಲಿಲ್ಲ. ಓದೋ ಹೆಣ್ಮಗಳು ಕೇಳ್ತಾ ಇದೀಯ. ತೆಗಿ, ತೊಳಿ. ಮತ್ತೆ ಹಂಗೇ ಹಾಕ್ಬಿಡು” ಎಂದರು.

ಮಧ್ಯಾಹ್ನ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಕೇಳಿದವರೆಲ್ಲ ಮೊದಲು ಕತ್ತಲಿತ್ತಾ ಎನ್ನುತ್ತಾರೆ. ಕಣ್ಣು ಕುಕ್ಕುವ ಬಿಸಿಲಿತ್ತು. ಯಾರದೋ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಪಾರ್ಸೆಲ್ ತಂದವನೊಬ್ಬ ವಿಳಾಸ ಸಿಗದೆ ಫೋನಿನಲ್ಲಿ ಜಗಳವಾಡಿಕೊಂಡು ಬೈಕ್ ತಿರುಗಿಸಿ ಹೋದ. ಪುಟ್ಟಮ್ಮ ತಮ್ಮ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನು ಬಳೆಗಳನ್ನೆಲ್ಲ ಬಿಡಿಸಿ ಬಕೆಟ್ಟಿಗೆ ಹಾಕಿದೆ. ತೊಳೆದೆ. ಬರಹದ ಭಾಗಕ್ಕೆ ಕಾಗದ ಹಾಸಿ ತಟ್ಟಿದೆ. ಬಿಸಿಲಿಗೆ ಕಾಗದದ ಅಂಚು ಏಳುತ್ತಿತ್ತು, ಹಾಗಾಗಿ ಕಲ್ಲನ್ನು ತಬ್ಬಿಕೊಂಡ ಹಾಗೆ ಎರಡೂ ಕೈಯಿಂದ ಅಂಚನ್ನು ಒತ್ತಿ ಹಿಡಿದು ಕೂತೆ. ನನ್ನ ಕಿವಿ ಆ ಕಲ್ಲಿನ ಮೊಣಕೈಗೆ ತಾಗಿಕೊಂಡಿತ್ತು.

ಆಗ ಒಂದು ಹೆಣ್ಣುದನಿ “ಒಲ್ಲೆ” ಎಂದಿತು.

ಅಷ್ಟೇ. ಪಿಸುಮಾತಲ್ಲ, ಅಳುವಲ್ಲ, ಗೋಳಾಟವಲ್ಲ. ಚಿಕ್ಕ ವಯಸ್ಸಿನವಳ ದನಿ. ಎಲೆಯ ಮುಂದೆ ಕೂತವಳು ಬಡಿಸುವವರಿಗೆ ಕೈ ಅಡ್ಡ ಹಿಡಿದು ಹೇಳುತ್ತಾಳಲ್ಲ, ಹಾಗೆ ಸ್ಪಷ್ಟವಾಗಿ, ಸ್ವಲ್ಪ ಸಿಟ್ಟಿನಲ್ಲಿ. ನನ್ನ ಬೆನ್ನಿನ ಹಿಂದಿನಿಂದಲ್ಲ, ಮನೆಗಳ ಕಡೆಯಿಂದಲ್ಲ. ಕಲ್ಲಿಗೆ ತಾಗಿದ ಕಿವಿಯೊಳಗೇ ಕೇಳಿತು.

ನಾನು ಕೈ ಬಿಡಲಿಲ್ಲ. ಧೈರ್ಯದಿಂದಲ್ಲ, ಬಿಟ್ಟರೆ ಕಾಗದ ಹರಿಯುತ್ತದೆ ಎಂದು. ತಲೆಯೆತ್ತಿ ನೋಡಿದರೆ ಪುಟ್ಟಮ್ಮ ಎದ್ದು ನಿಂತಿದ್ದರು. ಮಡಿಲಿನ ಅವರೆಕಾಯಿಯೆಲ್ಲ ಮೆಟ್ಟಿಲ ಮೇಲೆ ಚೆಲ್ಲಿತ್ತು.

“ನೀನಾ ಅಂದಿದ್ದು?”

“ಇಲ್ಲಮ್ಮ. ನಿಮಗೂ ಕೇಳಿಸ್ತಾ?”

“ಒಲ್ಲೆ ಅಂದ್ಲು. ಯಾರೋ ಹೆಣ್ಮಗಳು.”

ಕಾಗದವನ್ನು ಒಂದು ದಾರದಿಂದ ಕಂಬಕ್ಕೆ ಸುತ್ತಿ ಎದ್ದು ನೋಡಿದೆ. ಕಲ್ಲಿನ ಹಿಂದೆ ಒಂದು ಗೋಡೆ, ಗೋಡೆಗೆ ಕಿಟಕಿಯಿಲ್ಲ. ಒಂದು ಪಕ್ಕದ ಮನೆಗೆ ಬೀಗ ಹಾಕಿತ್ತು, ಇನ್ನೊಂದಕ್ಕೆ ಇನ್ನೂ ಜನ ಬಂದಿರಲಿಲ್ಲ. ನನ್ನ ಫೋನು ಆಫ್ ಆಗಿ ಬ್ಯಾಗಿನಲ್ಲಿತ್ತು. ಆಮೇಲೆ ನಾನು ಮಾಡಿದ್ದನ್ನು ಕೇಳಿದರೆ ನಗುತ್ತೀರಿ, ನಗಿ. ಸಂದರ್ಶನ ಮಾಡುವಾಗ ಮಾತು ಸರಿಯಾಗಿ ಕೇಳದಿದ್ದರೆ ಮತ್ತೊಮ್ಮೆ ಕೇಳಬೇಕು ಎಂದು ನಮಗೆ ಕಲಿಸಿದ್ದರು. ನಾನು ಮತ್ತೆ ಕಲ್ಲಿಗೆ ಕಿವಿಯಿಟ್ಟು, “ಇನ್ನೊಂದ್ಸಲ ಹೇಳ್ತೀರಾ? ನಿಮ್ಮ ಹೆಸರೇನು?” ಎಂದು ಕೇಳಿದೆ. ಉತ್ತರ ಬರಲಿಲ್ಲ. ಕಾಗದ ಒಣಗಿತು, ಮಸಿ ಒತ್ತಿದೆ, ಅಚ್ಚು ಬಿಡಿಸಿದೆ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಕೊನೆಯ ಸಾಲು ನಿಜವಾಗಿಯೂ ಸವೆದಿತ್ತು. ಬಳೆಗಳನ್ನು ಮತ್ತೆ ತೊಡಿಸಿದೆ. ಆಶೀರ್ವಾದದ ಹಸ್ತ ಎಂದು ಎಲ್ಲರೂ ಬರೆಯುವ ಆ ಅಂಗೈ ಆಗ ನನಗೆ ಆಶೀರ್ವಾದ ಮಾಡುವಂತೆ ಕಾಣಲಿಲ್ಲ.

ಒಂದು ವಾರದೊಳಗೆ ಹೇರೋಹಳ್ಳಿಗೆಲ್ಲ ಸುದ್ದಿಯಾಯಿತು. ಮುಂದಿನ ಸಲ ಹೋದಾಗ ಬೀದಿಯ ಗಂಡಸರು ನಾಲ್ಕಾರು ಜನ ಸೇರಿದ್ದರು. ಅವರಲ್ಲೊಬ್ಬ, “ಮೇಡಂ, ಅಮ್ಮ ಮುಟ್ಟಬೇಡ ಅಂದಿದ್ದಾಳೆ ಅಂತಲ್ಲ. ನೀವು ಮೈಕಿನಲ್ಲಿ ಎರಡು ಮಾತು ಹೇಳ್ಬೇಕು, ಗುಡಿ ಕಟ್ಟಿಸ್ತಾ ಇದೀವಿ” ಎಂದ. ಅವಳು ಮುಟ್ಟಬೇಡ ಎನ್ನಲಿಲ್ಲ, ಒಲ್ಲೆ ಎಂದಳು ಅಷ್ಟೇ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಪುಟ್ಟಮ್ಮನ ಬಾಯಲ್ಲಿ ಆ ಒಂದು ಮಾತು ಬೆಳೆದುಬಿಟ್ಟಿತ್ತು. ಅಮ್ಮ ಗುಡಿ ಕೇಳಿದಳು, ಶುಕ್ರವಾರದ ಪೂಜೆ ಕೇಳಿದಳು, ಬೀದಿಗೆ ಒಳ್ಳೇದು ಮಾಡ್ತೀನಿ ಎಂದಳು. ಮುದುಕಿ ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಎಲ್ಲರೂ ಕೇಳುತ್ತಿದ್ದರು, ಅವರು ಹೇಳುತ್ತಿದ್ದರು. ನನಗಿದ್ದ ಒಂದೇ ಸಾಕ್ಷಿ ನನ್ನ ಕಣ್ಣೆದುರೇ ಕೈಬಿಟ್ಟು ಹೋಯಿತು. ಈಗ ಕಲ್ಲಿನ ಸುತ್ತ ಟೈಲ್ಸ್ ಹಾಕಿ, ಮುಂದೆ ಗ್ರಿಲ್ ಬಾಗಿಲು ಕೂರಿಸಿ ಬೀಗ ಜಡಿದಿದ್ದಾರೆ.

ಮನೆಯಲ್ಲಿ ಮಾವನವರಿಗೆ ಹಬ್ಬ. “ಕಲ್ಲೇ ಬಾಯಿಬಿಟ್ಟು ಬೇಡ ಅಂದೈತಿ ಇವಳ ಓದನ್ನ. ಇನ್ನಾದರೂ ಬಿಡವ್ವ” ಎಂದರು. ನನಗೆ ಎಲ್ಲಿತ್ತೋ ಸಿಟ್ಟು. “ನನ್ನ ಓದು ಬೇಡ ಅನ್ನೋರು ಈ ಮನೇಲಿ ಬೇಕಾದಷ್ಟು ಜನ ಇದ್ದಾರಪ್ಪಾಜಿ. ಅದಕ್ಕೆ ಹೇರೋಹಳ್ಳಿಯಿಂದ ಅವಳು ಬರಬೇಕಾಗಿರಲಿಲ್ಲ” ಎಂದೆ. ಅಷ್ಟು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಅದೇ ಮೊದಲು. ಗಂಡ ಪೇಪರ್ ಕೆಳಗಿಟ್ಟರು. ಮಗಳು ಮಾತ್ರ ಬಿಸಿಲಿಗೆ ಕಲ್ಲು ಹಿಗ್ಗಿದರೆ ಸದ್ದು ಬರುತ್ತದೆ ಎಂದು ಏನೇನೋ ವಿವರಿಸಿದಳು. ಸದ್ದು ಬರುತ್ತದೆ, ಒಪ್ಪಿದೆ. ಆದರೆ ಸದ್ದು ಕನ್ನಡ ಮಾತಾಡುತ್ತದೆಯೇ ಎಂದು ಕೇಳಿದೆ.

ಮಾರ್ಗದರ್ಶಕರಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಗಲಿಲ್ಲ. “ಅಡಿಟಿಪ್ಪಣಿಯಲ್ಲಿ ಏನಂತ ಹಾಕ್ತೀರಮ್ಮ?” ಎಂದರು. ಅವರ ಮಾತು ಸರಿಯಾಗಿತ್ತು. ನಾನು ಕಲಿತದ್ದೂ ಅದನ್ನೇ. ಬೇರೆ ಯಾರಾದರೂ ಹೀಗೆ ಬರೆದು ತಂದಿದ್ದರೆ ನಾನೇ ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದೆ. ಹಾಗಾಗಿ ಆ ದನಿಯ ಬಗ್ಗೆ ಪ್ರಬಂಧದಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ಆದರೆ ಸ್ವಇಚ್ಛೆಯಿಂದ ಎಂಬ ವಾಕ್ಯವನ್ನೂ ಬರೆಯಲಿಲ್ಲ. ಅವಳ ಇಚ್ಛೆ ಏನಿತ್ತೆಂದು ತಿಳಿಯಲು ಆಧಾರವಿಲ್ಲ, ಕಲ್ಲಿನ ಮೇಲಿರುವುದು ಅದನ್ನು ನೆಡಿಸಿದವರ ಮಾತು ಎಂದು ಬರೆದೆ. ಶಾಸನದಲ್ಲಿ ಇರುವುದನ್ನು ಒಪ್ಪದಿದ್ದರೆ ಸಹಿ ಹಾಕಲು ಬರುವುದಿಲ್ಲ ಎಂದರು. ನನ್ನ ಜೊತೆಯ ಹುಡುಗರೆಲ್ಲ ಪದವಿ ತೆಗೆದುಕೊಂಡು ಹೋದರು.

ಇದಾಗಿ ಕೆಲವು ವರ್ಷಗಳಾದವು. ಮತ್ತೆ ಸಲ್ಲಿಸಲು ಇರುವ ಅವಧಿ ಈ ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ನಾನು ಓದಿದ್ದೆಲ್ಲ ನೀರಿನಲ್ಲಿ ಹೋಮ. ಮಾರ್ಗದರ್ಶಕರು ನಿವೃತ್ತರಾಗುವ ಮೊದಲು ಇದೊಂದನ್ನು ಮುಗಿಸಿಬಿಡೋಣ ಎಂದು ಮೊನ್ನೆ ಅವರೇ ಫೋನ್ ಮಾಡಿದ್ದರು. “ಒಂದೇ ಒಂದು ಸಾಲಮ್ಮ. ಯಾರು ಓದ್ತಾರೆ ಅದನ್ನ? ಸೇರಿಸಿ ತನ್ನಿ, ಕಣ್ಣುಮುಚ್ಚಿ ಸಹಿ ಹಾಕ್ತೀನಿ.” ಅವರ ದನಿಯಲ್ಲಿ ನಿಜವಾದ ಕಕ್ಕುಲಾತಿಯಿತ್ತು. ಮಾವನವರೂ ಈಗ ಮೆತ್ತಗಾಗಿದ್ದಾರೆ. ಇಷ್ಟು ವರ್ಷ ಓದಿದ್ದೀ, ಒಂದು ಸಾಲಿಗೋಸ್ಕರ ಕಳಕೋಬೇಡ ಎನ್ನುತ್ತಾರೆ. ನನಗೂ ಆಸೆಯಿಲ್ಲವೆಂದಲ್ಲ. ಆ ಪದವಿ ನನಗೆ ಬೇಕು, ಹಟ ಬಿಟ್ಟು ಹೇಳುವುದಾದರೆ ತುಂಬ ಬೇಕು. ನಿನ್ನೆ ಆ ಪುಟ ತೆರೆದು ಕೂತೂ ಕೂತೆ.

ಅದು ಯಾರ ದನಿ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕಲ್ಲಿನದೋ, ಗಾಳಿಯದೋ, ನನ್ನದೇ ಗಂಟಲಿನಿಂದ ನನಗೇ ತಿಳಿಯದೆ ಬಂದದ್ದೋ, ಯಾವುದನ್ನೂ ನಾನು ಸಾಧಿಸಿ ತೋರಿಸಲಾರೆ. ನಾನು ಈಗಲೂ ದೆವ್ವವನ್ನು ನಂಬುವುದಿಲ್ಲ. ಆದರೆ ಕೇಳಿದ್ದನ್ನು ಕೇಳಿಲ್ಲ ಎನ್ನುವುದಿಲ್ಲ, ಅವಳು ನಗುತ್ತಾ ಹೋದಳೆಂದು ಈ ಕೈಯಿಂದ ಬರೆಯುವುದೂ ಇಲ್ಲ. ಪ್ರಬಂಧವನ್ನು ಆ ಸಾಲಿಲ್ಲದೆ ಇದ್ದ ಹಾಗೆಯೇ ಬೈಂಡ್ ಮಾಡಿಸಿದ್ದೇನೆ, ನಾಳೆ ಮಾರ್ಗದರ್ಶಕರ ಕೈಗೆ ಕೊಟ್ಟು ಬರುತ್ತೇನೆ. ಪದವಿ ಕೊಡಲಾಗದಿದ್ದರೆ ಅವರೇ ಇಟ್ಟುಕೊಳ್ಳಲಿ.