ಭಂಡಾರ ಮುಟ್ಟಿದ ಕೈ

ಎಂಥ ಹಟಮಾರಿ ಕೂಸಾದರೂ ಬೋರವ್ವನ ಕೈಗೆ ಬಂದರೆ ಸುಮ್ಮನಾಗುತ್ತದೆ ಎಂದು ಬಬಲೇಶ್ವರದ ಕುರುಬರ ಓಣಿಯಲ್ಲಿ ಮಾತಿತ್ತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ಅವಳ ತಂಗಿ ಹುಚ್ಚವ್ವ. ನಂಬದೆ ಏನು ಮಾಡಬೇಕು? ಅವ್ವ ಸತ್ತ ಮೇಲೆ ಅವಳ ತಲೆ ಬಾಚಿ, ರೊಟ್ಟಿ ಮುರಿದು ಬಾಯಿಗಿಟ್ಟು, ತಿಕೋಟಾಕ್ಕೆ ಮದುವೆ ಮಾಡಿಕೊಟ್ಟಾಗ ಎತ್ತಿನ ಗಾಡಿಯ ಹಿಂದೆ ಅಳುತ್ತ ಊರ ಹೊರಗಿನ ತನಕ ನಡೆದವಳು ಆ ಅಕ್ಕನೇ.

ಹುಚ್ಚವ್ವನ ಗಂಡ ಗೊಲ್ಲಾಳಪ್ಪ ಕುರಿ ಹಿಂಡಿನವನು. ವರ್ಷದ ಬಹುಪಾಲು ಹೊಳೆಸಾಲಿನ ಹೊಲಗಳಲ್ಲಿ ಕುರಿ ತರುಬಿಕೊಂಡು ಇದ್ದುಬಿಡುತ್ತಿದ್ದ. ಮನೆಗೆ ಬಂದರೂ ಬೀಗರ ಹಾಗೆ ಬಂದು ಉಂಡು ಹೋಗುತ್ತಿದ್ದ. ಮಗ ಅಮಸಿದ್ದನಾದರೂ ಕುರಿಯ ಬೆನ್ನು ಹತ್ತಬಾರದು, ನಾಕು ಅಕ್ಷರ ಕಲಿಯಬೇಕು ಎಂದು ಹಟ ಹಿಡಿದು ಅವಳು ವಿಜಾಪುರಕ್ಕೆ ಬಂದು ಹತ್ತಿ ಗಿರಣಿಯಲ್ಲಿ ಕೂಲಿಗೆ ನಿಂತಳು. ಮೊದಲೇ ಅಲ್ಲಿಗೆ ಬಂದು ನೆಲೆಸಿದ್ದ ಅಕ್ಕನ ಖೋಲಿಯ ಮಗ್ಗುಲಿಗೇ ಒಂದು ಖೋಲಿ ಹಿಡಿದಳು. ಗಂಡ ಬಿಟ್ಟ, ಮಕ್ಕಳಿಲ್ಲದ ಬೋರವ್ವನಿಗೆ ಅಮಸಿದ್ದನೇ ಮಗ. ಅವನೂ ಅಷ್ಟೇ, ಅವ್ವ ಬೈದರೆ ಸಾಕು, ದೊಡ್ಡವ್ವನ ಸೆರಗಿನೊಳಗೆ ಅಡಗುತ್ತಿದ್ದ.

ಎಪ್ಪತ್ನಾಲ್ಕರ ಬೇಸಿಗೆ ಬಂತು. ಸಾಲಿಗೆ ಸೂಟಿ ಬಿತ್ತು, ಗಿರಣಿಗೆ ಬೀಳಲಿಲ್ಲ. ಆರು ವರ್ಷದ ಹುಡುಗನನ್ನು ಎಲ್ಲಿ ಬಿಡುವುದು ಎಂದು ಹುಚ್ಚವ್ವ ತಲೆ ಕೆಡಿಸಿಕೊಂಡಿದ್ದಾಗಲೇ ಊರಿನ ದೊಡ್ಡ ಮನೆತನದ ಹೆಂಗಸರು, ಬಾಯಿಯವರು, ಸಂಘ ಕಟ್ಟಿ, ಕೂಲಿಯವರ ಮಕ್ಕಳಿಗಾಗಿ ಸೂಟಿಯ ಕೂಟವೊಂದನ್ನು ತೆರೆದರು. ಹಳೆಯ ವಾಡೆಯ ಪಡಸಾಲೆಯಲ್ಲಿ ಮುಂಜಾನೆ ಹಾಡು, ಆಟ, ಮಣ್ಣಿನ ಬೊಂಬೆ ಮಾಡುವುದು. ಮಧ್ಯಾಹ್ನ ಉಪ್ಪಿಟ್ಟು, ಹಾಲು, ಆಮೇಲೆ ನಿದ್ದೆ. ಹೇಳಿಕೊಳ್ಳಲಿಕ್ಕೆ ಎಲ್ಲ ಇತ್ತು. ಹಾಡು ಕಲಿಸುವ ಅಬೇದಾ ಟೀಚರು ಊಟದ ಹೊತ್ತಿಗೆ ಮನೆಗೆ ಹೋದರೆಂದರೆ ಪಡಸಾಲೆ ತುಂಬಿದ ಹುಡುಗರೆಲ್ಲ ಒಬ್ಬಳೇ ಆಯಾಳ ಪಾಲು. ಆ ಆಯಾ ಬೋರವ್ವ. ಅಕ್ಕ ಇದ್ದಾಳೆಂದ ಮೇಲೆ ಹುಚ್ಚವ್ವನಿಗೆ ಇನ್ನೇನು ಬೇಕು?

ಬಾಯಿಯವರು ಇಳಿಹೊತ್ತಿಗೆ ಛತ್ರಿ ಹಿಡಿದು ಬಂದು ಹೊಸ್ತಿಲಲ್ಲೇ ನಿಂತು ನೋಡುವರು. ಮಕ್ಕಳು ಸಾಲಾಗಿ ಮಲಗಿರುತ್ತಿದ್ದರು, ಒಂದರ ಸೊಲ್ಲೂ ಇಲ್ಲ. ಎಂಥ ಶಿಸ್ತು, ಎಂಥ ಆರೈಕೆ ಎಂದು ಹೊಗಳಿ ಹೊರಟುಹೋಗುವರು. ಒಳಗೆ ಬಂದು ಒಂದು ಕೂಸಿನ ಮೈಯನ್ನಾದರೂ ಮುಟ್ಟಿ ನೋಡಬೇಕೆಂದು ಯಾರ ತಲೆಗೂ ಹೊಳೆಯಲಿಲ್ಲ. ಅಲ್ಲ, ಮೇ ತಿಂಗಳ ಧಗೆಯಲ್ಲಿ ಅಷ್ಟು ಹುಡುಗರು ಒಮ್ಮೆಗೇ ಕಣ್ಣು ಮುಚ್ಚುವುದುಂಟೇ? ಮಕ್ಕಳನ್ನು ಹೆತ್ತವರಿಗೆ ಇಷ್ಟೂ ತಿಳಿಯಬಾರದೇ? ಸಪ್ಪಳವಿಲ್ಲದಿದ್ದರೆ ಎಲ್ಲ ಸರಿಯಿದೆ ಎನ್ನುವವರ ಕೈಯಲ್ಲಿ ಮಕ್ಕಳನ್ನು ಕೊಟ್ಟರೆ ಹೀಗೇ ಆಗುವುದು.

ಹುಚ್ಚವ್ವನೂ ಮೊದಮೊದಲು ಹಿಗ್ಗಿದಳು. ಕಾಡುವ ಹುಡುಗ ಮೆತ್ತಗಾಗಿದ್ದ. ಆಮೇಲೆ ಅವನು ರಾತ್ರಿಯ ಊಟ ಬಿಟ್ಟ. ಗಂಗಾಳದ ಮುಂದೆ ಕೂತಲ್ಲೇ ತೂಕಡಿಸಿ ಬೀಳತೊಡಗಿದ. ಅದೇ ಅಂಗಳದಲ್ಲಿದ್ದ ಟಾಂಗಾದ ಗೈಬುಸಾಬ, ತನ್ನ ಮಗಳೂ ಹಾಗೇ ಬೀಳುತ್ತಾಳೆ, ನಿಮ್ಮಕ್ಕ ಏನೋ ಮಾಟ ಕಲಿತಿರಬೇಕು ಎಂದು ನಕ್ಕ. ಹುಚ್ಚವ್ವನಿಗೆ ನಗು ಬರಲಿಲ್ಲ. ಕಳೆ ತೆಗೆಯಲು ಹೋಗುವ ಹೆಂಗಸರು ಕೂಸು ಏಳದಿರಲೆಂದು ನಾಲಿಗೆಗೆ ಅಫೀಮು ಸವರಿ, ಬೇವಿನ ಗಿಡಕ್ಕೆ ಕಟ್ಟಿದ ತೊಟ್ಟಿಲಲ್ಲಿ ಮಲಗಿಸುವುದನ್ನು ಅವಳು ಚಿಕ್ಕಂದಿನಿಂದ ಕಂಡಿದ್ದಳು. ಹೊತ್ತು ಮುಳುಗಿದರೂ ಏಳದೇ ಹೋದ ಕೂಸೊಂದನ್ನೂ ಕಂಡಿದ್ದಳು. ಅಕ್ಕನೂ ಅಂದು ಪಕ್ಕದಲ್ಲೇ ನಿಂತಿದ್ದಳು.

ಅವತ್ತು ಸಂಜೆ ಅಕ್ಕನ ಖೋಲಿಗೆ ಹೋಗಿ ನೇರವಾಗಿ ಕೇಳಿಬಿಟ್ಟಳು. "ಅಕ್ಕಾ, ಹುಡುಗ್ರಿಗೆ ಅಫೀಮು ಹಾಕಾಕತ್ತೀ ಏನು?"

ಬೋರವ್ವ ಸಿಟ್ಟಾಗಲಿಲ್ಲ. ದೇವರ ಜಗಲಿಯ ಮೇಲಿದ್ದ ಭಂಡಾರದ ಚೀಲ ಬಿಚ್ಚಿದಳು. ಭಂಡಾರವೆಂದರೆ ಅವರ ಅಮೋಘಸಿದ್ಧನ ಗುಡಿಯ ಅರಿಷಿಣ. ಅದನ್ನು ಮುಟ್ಟಿ ಅವರ ಕುಲದಲ್ಲಿ ಯಾರೂ ಸುಳ್ಳಾಡುವುದಿಲ್ಲ. ಕುರಿ ಕದ್ದವನು ಸಹ ಭಂಡಾರ ಮುಟ್ಟು ಎಂದರೆ ಕುರಿಯನ್ನೇ ತಂದು ಕಟ್ಟಿಹೋಗುತ್ತಾನೆ. ಬೋರವ್ವ ಒಂದು ಚಿಟಿಕೆ ತೆಗೆದು ಅಮಸಿದ್ದನ ಹಣೆಗೆ ಹಚ್ಚಿ, ಅಂಗೈಯನ್ನು ಅವನ ತಲೆಯ ಮೇಲಿಟ್ಟಳು.

"ಇವನ ಆಣಿ, ಕೊಟ್ಟಿಲ್ಲ ಬೇ. ಕೊಟ್ಟಿದ್ರ ಇವ ನಮಗ ದಕ್ಕಬಾರದು."

ಹುಚ್ಚವ್ವನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಕ್ಕನ ಕಾಲು ಹಿಡಿದು, ಗಲ್ಲ ಗಲ್ಲ ಬಡಿದುಕೊಂಡು ತಪ್ಪಾಯಿತೆಂದು ಅತ್ತಳು. ಮರುದಿನ ಮಗನ ಕೈಯಲ್ಲಿ ಅಕ್ಕನಿಗೆಂದು ಬಿಸಿ ರೊಟ್ಟಿ, ಎಣ್ಣೆಗಾಯಿ ಕಟ್ಟಿ ಕಳಿಸಿದಳು.

ಆ ಮಧ್ಯಾಹ್ನ ಗೈಬುಸಾಬನ ಟಾಂಗಾ ಗಿರಣಿಯ ಬಾಗಿಲಿಗೆ ಬಂದು ನಿಂತಿತು. ಒಳಗೆ ಬೋರವ್ವ, ಅವಳ ತೊಡೆಯ ಮೇಲೆ ಅಮಸಿದ್ದ. ಹುಡುಗನ ತುಟಿ ಕಪ್ಪಿಟ್ಟಿತ್ತು; ಎತ್ತಿದರೆ ಕೈಕಾಲು ತೊಯ್ದ ಅರಿವೆಯ ಹಾಗೆ ಜೋತುಬಿದ್ದವು. ಗೈಬುಸಾಬ ಕುದುರೆಗೆ ಎಂದೂ ಹೊಡೆಯದವನು, ಅಂದು ದವಾಖಾನೆ ಮುಟ್ಟುವ ತನಕ ಹೊಡೆದ.

ಡಾಕ್ಟರು ಹುಡುಗನ ರೆಪ್ಪೆ ಎತ್ತಿ ನೋಡಿ, ಹೊಟ್ಟೆಗೆ ಅಫೀಮೇನಾದರೂ ಹೋಗಿದೆಯೇ, ಖರೇ ಹೇಳು ಎಂದರು.

"ಇಲ್ರಿ ಸಾಹೇಬ್ರ," ಎಂದಳು ಹುಚ್ಚವ್ವ. "ನಮ್ಮಕ್ಕ ಭಂಡಾರ ಮುಟ್ಟಿ ಹೇಳ್ಯಾಳ."

ನೋಡಿದಿರಾ? ಮಗನ ಉಸಿರು ಒಂದೊಂದೇ ಆಗಿ ಎಣಿಸುವಂತಾಗಿದೆ, ಇವಳು ಅಕ್ಕನ ಪರವಾಗಿ ಸಾಕ್ಷಿ ನುಡಿಯುತ್ತಿದ್ದಾಳೆ. ಬಿಸಿಲು ಬಡಿದಿರಬೇಕು ಎಂದಳು, ಏನೋ ಕಡಿದಿರಬೇಕು ಎಂದಳು. ಡಾಕ್ಟರಿಗೆ ಭಂಡಾರದ ಮಾತು ತಿಳಿಯಲಿಲ್ಲ. ಅವಳ ಗಟ್ಟಿತನ ನೋಡಿ ಅವರೂ ಅನುಮಾನಕ್ಕೆ ಬಿದ್ದು ಹುಡುಗನ ಅಂಗೈ ಅಂಗಾಲಲ್ಲಿ ಹಲ್ಲಿನ ಗುರುತು ಹುಡುಕಿದರು. ಹೊತ್ತು ಹೋಗುತ್ತಿತ್ತು. ಬೋರವ್ವ ಗೋಡೆಗೆ ಆತು ನಿಂತಿದ್ದಳು. ಒಂದು ಮಾತು ಸಾಕಿತ್ತು, ಆಡಲಿಲ್ಲ. ಹುಚ್ಚವ್ವ ತಿರುಗಿ ನೋಡಿದಳು. ಅಕ್ಕನ ಕಣ್ಣು ಕಿಟಕಿ, ನೆಲ, ಡಾಕ್ಟರ ಬೂಟು ಎಲ್ಲ ನೋಡುತ್ತಿತ್ತು, ಹುಡುಗನ ಕಡೆಗೆ ಮಾತ್ರ ಹೊರಳಲಿಲ್ಲ.

"ಹೌದ್ರಿ ಸಾಹೇಬ್ರ," ಎಂದಳು ಹುಚ್ಚವ್ವ. "ಅಫೀಮು ಕೊಟ್ಟಾರ."

ನಳಿಗೆ ಇಳಿಸಿ ಹೊಟ್ಟೆ ತೊಳೆದರು, ಸೂಜಿ ಚುಚ್ಚಿದರು. ದೀಪ ಹಚ್ಚುವ ಹೊತ್ತಿಗೆ ಉಸಿರು ಹಿಡಿತಕ್ಕೆ ಬಂತು. ಸಂಘದ ಬಾಯಿಯವರು ಮೋಸಂಬಿ ಕಳಿಸಿದರು, ಜೊತೆಗೆ ಮಾತು ಹೊರಗೆ ಹೋಗದಿರಲಿ ಎಂದು ಹೇಳಿಯೂ ಕಳಿಸಿದರು. ಹುಚ್ಚವ್ವ ಎರಡನ್ನೂ ತಂದವನ ಕೈಯಲ್ಲೇ ತಿರುಗಿ ಕಳಿಸಿದಳು.

ಮರುದಿನ ಬೆಳಗ್ಗೆ ಬೋರವ್ವ ದವಾಖಾನೆಯ ಕಟ್ಟೆಯ ಮೇಲೆ ಅವಳನ್ನು ತಡೆದು ನಿಲ್ಲಿಸಿ ಎಲ್ಲ ಹೇಳಿಕೊಂಡಳು. ಹುಡುಗನೊಬ್ಬ ಹಿತ್ತಲ ಬಾವಿಯ ಕಟ್ಟೆ ಹತ್ತಿದ್ದನಂತೆ. ಇನ್ನೊಬ್ಬ ಆಯಾಳನ್ನು ಕೊಡಿರೆಂದರೆ ಬಾಯಿಯವರು ನೀನೇ ಸಂಭಾಳಿಸು ಎಂದರಂತೆ. ಅಂದಿನಿಂದ ಹಾಲಿಗೆ ಅಫೀಮು ಹಾಕತೊಡಗಿದ್ದು. ನಿನ್ನೆ ಬೇರೆ ಊರಿನ ಯಾರೋ ದೊಡ್ಡವರು ಕೂಟ ನೋಡಲು ಬರುವವರಿದ್ದರು, ಅಮಸಿದ್ದ ಮಲಗಲೊಲ್ಲೆ ಎಂದ, ಮತ್ತೊಮ್ಮೆ ಕೊಟ್ಟಳು.

"ಅಷ್ಟೂ ತಿಳಕೋತೇನಿ," ಎಂದಳು ಹುಚ್ಚವ್ವ. "ಅವನ ತಲಿ ಮ್ಯಾಲೆ ಯಾಕ ಕೈ ಇಟ್ಟಿ? ಆಣಿ ಮಾಡಾಕ ನಿನ್ನ ಜೀವ ಇರಲಿಲ್ಲೇನು?"

"ನನ್ನ ಆಣಿ ಮಾಡಿದ್ರ ನೀ ನಂಬತಿದ್ದಿಲ್ಲ ಬೇ," ಎಂದಳು ಬೋರವ್ವ.

ಹೌದಲ್ಲ, ಅಳೆದು ಸುರಿದು ನೋಡಿಯೇ ಕೈ ಇಟ್ಟಿದ್ದಾಳೆ. ತುತ್ತು ಕೊಟ್ಟು ಸಾಕಿದವಳಿಗೆ ತಂಗಿ ಎಲ್ಲಿ ಕರಗುತ್ತಾಳೆಂದು ಗೊತ್ತಿಲ್ಲದೆ ಇದ್ದೀತೇ? ಹುಚ್ಚವ್ವ ಒಳಗೆ ಬಂದು ಮಗನ ಮಂಚದ ಹತ್ತಿರ ಕೂತಳು. ಬೋರವ್ವನೂ ಹಿಂದೆಯೇ ಬಂದು ಬಾಗಿಲ ಮರೆಗೆ ನಿಂತಳು. ಅವಳ ಸೆರಗಿನ ಅಂಚು ಕಾಣುತ್ತಿತ್ತು.

ಹುಡುಗ ಕಣ್ಣು ತೆರೆದ. ಅವ್ವನನ್ನು ನೋಡಿದ, ಅವಳ ಹಿಂದೆ ಯಾರಿದ್ದಾರೆಂದು ಹುಡುಕಿದ.

"ದೊಡ್ಡವ್ವ ಎಲ್ಲದಾಳ?"

"ಊರಿಗೆ ಹೋಗ್ಯಾಳಪಾ."

"ಯಾವಾಗ ಬರ್ತಾಳ?"

ಬಾಗಿಲಾಚೆ ಬೋರವ್ವ ಬಿಕ್ಕಿದ್ದು ಕೇಳಿಸಿತು. ಹುಡುಗನಿಗೂ ಕೇಳಿಸಿತು, ಅವನು ಕತ್ತು ಎತ್ತಿದ. ಹುಚ್ಚವ್ವ ಎದ್ದು ಹೋಗಿ ಬಾಗಿಲು ಹಾಕಿದಳು.