ಹದಿಮೂರನೆಯ ಮೆಟ್ಟಿಲು

ನಿಮ್ಮ ಅತ್ತೆಯವರು ಮಲಗುತ್ತಿದ್ದ ನೆಲ ತಣ್ಣಗಾದದ್ದು ನಿಮ್ಮಿಂದಲ್ಲ, ನೀಲಮ್ಮನವರೇ — ನನ್ನಿಂದ. ನಾನು ಹರಿಹರದ ಬಡಗಿ, ನಿಮ್ಮ ಮಹಡಿಗೆ ಮೆಟ್ಟಿಲು ಕೂಡಿಸಿದವನು. ಹತ್ತು ವರ್ಷ ಇದನ್ನು ಹೊತ್ತು ಸಾಕಾಗಿದೆ.

ಕೆ.ಬಿ. ಬಡಾವಣೆಯ ನಿಮ್ಮ ಮನೆಗೆ ಬಂದ ಮೊದಲ ದಿನವೇ ನಿಮ್ಮ ಯಜಮಾನರು ಪಡಸಾಲೆಯ ಕಲ್ಲು ಮುಟ್ಟಿಸಿ ತೋರಿಸಿದ್ದರು. ಬೆಚ್ಚಗಿತ್ತು. ಬಚ್ಚಲ ಒಲೆಯ ಹೊಗೆ ಆ ಕಲ್ಲುಗಳ ಕೆಳಗೆ, ಇಟ್ಟಿಗೆಯ ಕಾಲುವೆಯಲ್ಲಿ ಹಾದು ಆಚೆಯ ಚಿಮಣಿ ಸೇರುವಂತೆ ಕಟ್ಟಿಸಿದ್ದರು — ಮಂಡಿನೋವಿನ ತಾಯಿ ಚಳಿಗಾಲದಲ್ಲಿ ಅಲ್ಲಿ ಮಲಗಲೆಂದು. ಮೆಟ್ಟಿಲು ಈಚೆಗೇ ನಿಲ್ಲಬೇಕು, ಆ ಕಲ್ಲು ಮಾತ್ರ ಅಗೆಯಬಾರದು ಎಂದು ಎರಡು ಸಲ ಹೇಳಿದ್ದರು.

ಅಳತೆ ತಪ್ಪಿದ್ದು ನಾನೇ. ನಿಲ್ಲಿಸಿ ಎಣಿಸಿದರೆ ಹನ್ನೆರಡು. ಒಂದೊಂದೇ ಮೆಟ್ಟಿಲಿಗೆ ಲಾಭ, ನಷ್ಟ, ಲಾಭ, ನಷ್ಟ ಎನ್ನುತ್ತ ಹೋದರೆ ಕೊನೆಯದು ನಷ್ಟಕ್ಕೇ ಬಂತು. ಅಂಥ ಮೆಟ್ಟಿಲನ್ನು ಯಾವ ಮನೆಯವರೂ ಒಪ್ಪುವುದಿಲ್ಲ. ಎಲ್ಲ ಬಿಚ್ಚಿ ಮತ್ತೆ ಮಾಡಲು ಬೇಸರ... ಅಲ್ಲ, ಮಾನ ಹೋದೀತೆಂಬ ಅಂಜಿಕೆ. ಬುಡಕ್ಕೆ, ಅಗೆಯಬಾರದೆಂದಿದ್ದ ಆ ಕಲ್ಲಿನ ಮೇಲೆಯೇ, ಇನ್ನೊಂದು ಮೆಟ್ಟಿಲು ಸೇರಿಸಿದೆ. ಅದರ ಕಂಬ ಹುಗಿಯಲು ಅಗೆದಾಗ ಕಾಲುವೆ ಒಡೆಯಿತು. ನೀವೆಲ್ಲ ಮಾಯಕೊಂಡಕ್ಕೆ ಮದುವೆಗೆ ಹೋಗಿದ್ದಿರಿ. ಕಂಬದ ಸುತ್ತ ಕಲ್ಲು, ಮಣ್ಣು ಜಡಿದು, ಮೇಲೆ ಗಾರೆ ಮೆತ್ತಿ ಕೈ ತೊಳೆದುಕೊಂಡೆ. ಹೊಗೆಯ ದಾರಿ ಮುಚ್ಚಿತು.

ಹದಿನೈದು ದಿನ ಬಿಟ್ಟು ಮೆಟ್ಟಿಲ ಪಕ್ಕಕ್ಕೆ ಕೈ ಹಿಡಿಯುವ ಕಟಕಟೆ ಕೂಡಿಸಲು ಬಂದೆ. ಬಚ್ಚಲ ತುಂಬ ಹೊಗೆ, ನಿಮ್ಮ ಕಣ್ಣು ಕೆಂಪಗೆ. ತಾನು ಬೆಚ್ಚಗಿರುವುದು ಸೊಸೆಗೆ ಬೇಕಿಲ್ಲ, ಅದಕ್ಕೇ ಹಸಿ ಕಟ್ಟಿಗೆ ಒಟ್ಟುತ್ತಾಳೆ ಎಂದು ಅತ್ತೆಯವರ ದೂರು. ಕಟ್ಟಿಗೆ ಒಣಗಿದ್ದೇ ಎಂದು ನೀವು. ಅವರು ನನ್ನ ಕಡೆ ತಿರುಗಿದರು.

"ನೀನ ಹೇಳಪ್ಪ, ಮೆಟ್ಲ ಕೂಡಿಸುವಾಗ ಕೆಳಗ ಏನಾರ ಆತೇನು?"

"ಇಲ್ರವ್ವ. ಕಟ್ಟಿಗಿ ಹಸಿ ಇದ್ದೀತು."

ಅಷ್ಟೇ ಅಂದೆ. ನೀವು ಒಳಗೆ ಹೋಗಿ ನನಗೆ ಚಹಾ ತಂದಿರಿ. ನಾನು ಕುಡಿದೆ.

ಆ ಚಳಿಗಾಲದಲ್ಲೇ ಅವರು ತೀರಿಕೊಂಡದ್ದು, ಕೊನೆಗಾಲದಲ್ಲೂ ನಿಮ್ಮ ಕೈಯ ನೀರು ಬೇಡವೆಂದದ್ದು, ನಿಮ್ಮ ನೆರೆಮನೆಗೆ ಬಾಗಿಲು ಕೂಡಿಸಲು ಬಂದಾಗ ಕೇಳಿದೆ. ಆಗಲೂ ನಿಮ್ಮ ಮನೆಗೆ ಬರಲಿಲ್ಲ — ಬರಬಹುದಿತ್ತು, ನಾಲ್ಕು ಹೆಜ್ಜೆ.

ಸೋಮವಾರ ಮೊದಲ ಬಸ್ಸಿಗೆ ಹಾರೆ ಹಿಡಿದು ಬರುತ್ತೇನೆ. ಯಜಮಾನರ ಎದುರಿಗೇ ಕೆಳಗಿನ ಮೆಟ್ಟಿಲು ಕೀಳುತ್ತೇನೆ. ನಾನು ಜಡಿದ ಕಲ್ಲುಗಳು ಅಲ್ಲೇ ಇವೆ. ನೋಡಬೇಕಾಗಿದ್ದವರು ಮಾತ್ರ ಇಲ್ಲ.