ಕೇಳದೆ ಬರೆದ ಪುಟ

ಮಾಳಪ್ಪಜ್ಜನ ತಲೆ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಬರೆದವಳು ನಾನು. ಬರೆದದ್ದು ಸುಳ್ಳು ಎಂದು ಗೊತ್ತಿದ್ದೂ ಬಾಯಿ ಬಿಡದೆ ಕೂತವಳೂ ನಾನೇ — ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಹೊರಟರೆ ನನ್ನ ಸ್ವಭಾವ ನನಗೆ ಗೊತ್ತು. ಕೊನೆ ಮುಟ್ಟುವಷ್ಟರಲ್ಲಿ ತಪ್ಪು ಇನ್ಯಾರದೋ ಆಗಿ, ನಾನು ಪಾಪದವಳಾಗಿ ಉಳಿದುಬಿಡುತ್ತೇನೆ.

ಏಳು ವರ್ಷದ ಹಿಂದಿನ ಮಾತು. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ನಾನು ನರ್ಸಾಗಿದ್ದೆ. ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಮಗಳು ಕಂಡವರ ಮಲಮೂತ್ರ ಬಳಿಯಲು ಹೋದಳೆಂದು ಅವರು ವರ್ಷಗಟ್ಟಲೆ ಮುಖ ಕೊಟ್ಟು ಮಾತಾಡಿರಲಿಲ್ಲ. ಅದಕ್ಕೇ ಇರಬೇಕು, ನನಗೆ ಹೊಗಳಿಕೆಯ ಹಸಿವು ಬಹಳ. ದೊಡ್ಡ ಡಾಕ್ಟರು ಒಮ್ಮೆ ‘ಶಾಬಾಸ್’ ಅಂದರೆ ನನಗೆ ಆ ದಿನದ ಊಟವೇ ಬೇಡ.

ಆ ಡಾಕ್ಟರು ಮರಾಠಿಯವರು, ಬಹಳ ಒಳ್ಳೆಯವರು. ವಯಸ್ಸಾದವರು ಆಪರೇಶನ್ ಆದ ಮೇಲೆ ಎರಡು ಮೂರು ದಿನ ಏನೇನೋ ಬಡಬಡಿಸುತ್ತಾರೆ, ಮಗನನ್ನು ಗುರುತಿಸುವುದಿಲ್ಲ, ಎದ್ದು ಓಡುತ್ತಾರೆ. ಕೆಲವರು ಬೇಗ ಸರಿಹೋಗುತ್ತಾರೆ, ಕೆಲವರು ತಿಂಗಳಾದರೂ ಇಲ್ಲ. ಯಾಕೆ ಹೀಗೆ, ಯಾವ ರೀತಿ ಆರೈಕೆ ಮಾಡಿದರೆ ಬೇಗ ಸರಿಹೋಗುತ್ತಾರೆ ಎನ್ನುವುದು ಅವರ ತಲೆ ತಿನ್ನುತ್ತಿದ್ದ ವಿಷಯ. ಅದಕ್ಕೊಂದು ದಪ್ಪ ಪುಸ್ತಕ ಮಾಡಿದ್ದರು. ಒಬ್ಬೊಬ್ಬ ರೋಗಿಗೂ ಎರಡು ಪುಟ. ಎಡಗಡೆ ಆಪರೇಶನ್ನಿಗೆ ಮುಂಚಿನ ಉತ್ತರಗಳು, ಬಲಗಡೆ ಆಮೇಲಿನವು. ಪ್ರಶ್ನೆಗಳೂ ಸುಲಭದವು — ಹೆಸರು, ಊರು, ಇವತ್ತು ಯಾವ ವಾರ, ಮಕ್ಕಳೆಷ್ಟು, ಇಪ್ಪತ್ತರಿಂದ ಹಿಂದಕ್ಕೆ ಎಣಿಸು. ಕೊನೆಯದು ಅವರವರ ಕಸುಬಿನ ಒಂದು ಲೆಕ್ಕ: ನೇಕಾರನಾದರೆ ಮಗ್ಗಗಳೆಷ್ಟು, ಕುರಿಗಾರನಾದರೆ ಕುರಿಗಳೆಷ್ಟು. ಕನ್ನಡದ ರೋಗಿಗಳನ್ನು ಮಾತಾಡಿಸಲು ಅವರಿಗೆ ಬರುತ್ತಿರಲಿಲ್ಲವಾಗಿ ಆ ಕೆಲಸ ನನಗೆ ಒಪ್ಪಿಸಿದ್ದರು. ನಾನು ಕೇಳಿ, ಮರಾಠಿಯಲ್ಲಿ ಬರೆಯಬೇಕು. ಅಂದರೆ — ನಾನು ಬರೆದದ್ದೇ ವೇದವಾಕ್ಯ. ತಾಳೆ ನೋಡುವವರು ಯಾರೂ ಇರಲಿಲ್ಲ.

ಮಾಳಪ್ಪಜ್ಜ ಹುಲಜಂತಿ ಕಡೆಯ ಕುರಿಗಾರರು. ತೊಡೆಸಂದಿನಲ್ಲಿ ಕರುಳು ಇಳಿದು, ನೋವು ತಡೆಯಲಾರದೆ ಬಂದಿದ್ದರು. ಎಪ್ಪತ್ತರ ಆಚೆಯ ವಯಸ್ಸು, ಬಿಳಿ ಮೀಸೆ, ಹೆಗಲ ಮೇಲೆ ಕರಿ ಕಂಬಳಿ. ಆಪರೇಶನ್ನಿನ ಹಿಂದಿನ ಸಂಜೆ, ಬಟ್ಟೆ ಗಿರಣಿಯ ಪಾಳಿಯ ಭೋಂಗಾ ಕೂಗಿದ ಮೇಲೆ, ನಾನು ಅವರ ಹತ್ತಿರ ಅರ್ಧ ತಾಸು ಕೂತು ಪ್ರಶ್ನೆ ಕೇಳಬೇಕಿತ್ತು. ನಾನು ಕೂರಲಿಲ್ಲ. ಗೆಳತಿ ಸುಶೀಲೆಯ ಜೊತೆ ಸಿನಿಮಾಕ್ಕೆ ಹೋಗುವುದಿತ್ತು ಎಂದು ಹೇಳಬಹುದು; ಹೋಗುವುದು ಇದ್ದದ್ದೂ ನಿಜ. ಆದರೆ ಪೂರ್ತಿ ನಿಜ ಅದಲ್ಲ. ಆ ಕಂಬಳಿಯ ವಾಸನೆ ನನಗೆ ಹೇಸಿಗೆಯಾಗಿತ್ತು. ಹೊಸ ಸೀರೆ ಉಟ್ಟು ತಲೆಗೆ ಹೂ ಮುಡಿಯುವವಳು ಆ ಮಂಚದ ಹತ್ತಿರ ಅರ್ಧ ತಾಸು ಯಾಕೆ ಕೂರಬೇಕು ಅಂದುಕೊಂಡೆ. ಇಷ್ಟು ಸಣ್ಣ ಕಾರಣ.

ಬಾಗಿಲ ಬಳಿಯ ಮೇಜಿನ ಮೇಲೆ ಪುಸ್ತಕ ಇಟ್ಟು, ನಿಂತಲ್ಲೇ ಎಡಪುಟ ತುಂಬಿಸಿದೆ. ಹೆಸರು, ಊರು ಕೇಸ್‌ಪೇಪರಿನಲ್ಲೇ ಇದ್ದವು. ವಾರ — ಸರಿ. ಮಕ್ಕಳು — ಒಬ್ಬ ಮಗ, ಒಬ್ಬ ಮಗಳು; ಇಬ್ಬರನ್ನೂ ವಾರ್ಡಿನಲ್ಲಿ ನೋಡಿದ್ದೆ. ಹಿಂದಕ್ಕೆ ಎಣಿಕೆ — ತಪ್ಪಿಲ್ಲದೆ ಎಣಿಸಿದರು. ಕುರಿಗಳು ಎಷ್ಟು ಎನ್ನುವಲ್ಲಿ ಒಂದು ಗಳಿಗೆ ಪೆನ್ನು ನಿಂತಿತು. ಪೇಟೆಯಲ್ಲಿ ಬೆಳೆದ ನನಗೆ ಕುರಿಯ ಹಿಂಡೆಂದರೆ ಎಷ್ಟಿರುತ್ತದೆ ಎಂಬುದೂ ಗೊತ್ತಿರಲಿಲ್ಲ. ‘ಎಂಬತ್ತು’ ಎಂದು ಬರೆದೆ. ಮುಂದೆ ‘ತಡವಿಲ್ಲದೆ ಹೇಳಿದರು’ ಎಂದೂ ಸೇರಿಸಿದೆ.

ಆಪರೇಶನ್ ಚೆನ್ನಾಗಿಯೇ ಆಯಿತು. ಮೊದಲ ಎರಡು ದಿನ ಅಜ್ಜನಿಗೆ ನಿಜಕ್ಕೂ ಭ್ರಮೆ ಹಿಡಿದಿತ್ತು. ನಾಯಿಯನ್ನು ಹೆಸರು ಹಿಡಿದು ಕರೆದರು, ವಾರ್ಡಿನ ಮಂಚಗಳನ್ನೆಲ್ಲ ಹಟ್ಟಿಯ ಬೇಲಿ ಎಂದರು, ಬೆತ್ತಕ್ಕಾಗಿ ತಡಕಾಡಿದರು. ನಾಲ್ಕನೆಯ ದಿನಕ್ಕೆ ಕಣ್ಣು ತಿಳಿಯಾಯಿತು. ಆಗ ನಾನು ಪುಸ್ತಕ ಹಿಡಿದು ಕೂತೆ, ಅದೂ ಡಾಕ್ಟರು ವಾರ್ಡಿನಲ್ಲೇ ಇದ್ದಾರೆಂದು. ಹೆಸರು ಹೇಳಿದರು, ಊರು ಹೇಳಿದರು. “ಇವತ್ತ ಐತವಾರ, ಬೀರಪ್ಪನ ವಾರ” ಅಂದರು. ಹಿಂದಕ್ಕೆ ಎಣಿಸಿ ಎಂದಾಗ ನಕ್ಕರು.

“ಮುಂದಕ ಹೋಗೂ ವಯಸ್ಸ ಮುಗದದವಾ, ಹಿಂದಕ ಯಾಕ ಎಣಸಸ್ತಿ?”

ಅವರಿಗೆ ಹಿಂದಕ್ಕೆ ಎಣಿಸಿ ರೂಢಿಯೇ ಇರಲಿಲ್ಲ. ತಪ್ಪು ಎಂದು ಗುರುತು ಹಾಕಿದೆ. ಕುರಿಗಳೆಷ್ಟು ಎಂದು ಕೇಳಿದೆ.

“ಅದಾವವಾ.”

“ಎಷ್ಟ ಅದಾವ ಅಜ್ಜಾ?”

“ಅದಾವ. ದೇವರ ಕೊಟ್ಟಷ್ಟ ಅದಾವ.”

ಮೂರು ದಿನ ಕೇಳಿದೆ, ಮೂರು ದಿನವೂ ಅದೇ ಉತ್ತರ. ಬಲಪುಟದಲ್ಲಿ ‘ನೆನಪಿಲ್ಲ’ ಎಂದು ಮೂರು ಸಲ ಬರೆದೆ.

ಬಿಡುಗಡೆಯ ದಿನ ಡಾಕ್ಟರು ಎರಡೂ ಪುಟ ಎದುರುಬದುರು ಇಟ್ಟು ನೋಡಿದರು. ಮಗ ಸಿದ್ದಪ್ಪ, ಅಕ್ಕಲಕೋಟೆಗೆ ಕೊಟ್ಟಿದ್ದ ಮಗಳು ಸತ್ಯವ್ವ, ಇಬ್ಬರೂ ಮಂಚದ ಪಕ್ಕ ನಿಂತಿದ್ದರು. “ಡೋಕಂ ಅಜೂನ ಠಿಕಾಣಾವರ ನಾಹೀ” ಎಂದರು ಡಾಕ್ಟರು. ತಲೆ ಇನ್ನೂ ತನ್ನ ಜಾಗಕ್ಕೆ ಬಂದಿಲ್ಲ, ಮೊದಲು ಹಿಂಡಿನ ಲೆಕ್ಕ ತಟ್ಟನೆ ಹೇಳಿದವರು ಈಗ ಮರೆತಿದ್ದಾರೆ, ಇವರನ್ನು ಕುರಿ ಹಿಂದೆ ಅಡವಿಗೆ ಕಳಿಸಬೇಡಿ, ಮನೆಯಲ್ಲೇ ಕಣ್ಣಳತೆಯಲ್ಲಿ ಇಟ್ಟುಕೊಳ್ಳಿ ಎಂದು ಬಿಡಿಸಿ ಹೇಳಿದರು. ನಾನೇ ಅದನ್ನು ಕನ್ನಡದಲ್ಲಿ ಮಕ್ಕಳಿಗೆ ತಿಳಿಸಿದೆ.

ಅಜ್ಜ ಕೂತಲ್ಲಿಂದಲೇ ನನ್ನನ್ನು ನೋಡಿದರು.

“ಮೊದಲ? ಮೊದಲ ನನ್ನ ಯಾರ ಕೇಳ್ಯಾರ? ಕೊಯ್ಯೂದ್ರಕಿಂತ ಮೊದಲ ಈ ಹುಡಿಗಿ ನನ್ನ ಹತ್ರ ಬಂದೇ ಇಲ್ಲಲ್ಲ.”

ಏನಂದರು ಎಂದು ಡಾಕ್ಟರು ನನ್ನನ್ನು ಕೇಳಿದರು. ಆ ಕ್ಷಣ — ಇಲ್ಲ, ಕ್ಷಣ ಅಲ್ಲ, ಬೇಕಾದಷ್ಟು ಹೊತ್ತಿತ್ತು. ನಾನು ಹೇಳಿದ್ದು ಇಷ್ಟು: “ಮೊದಲು ಪ್ರಶ್ನೆ ಕೇಳಿದ್ದೇ ಅವರಿಗೆ ನೆನಪಿಲ್ಲವಂತೆ.” ಡಾಕ್ಟರು ಮರುಕದಿಂದ ತಲೆಯಾಡಿಸಿದರು. ಆ ಮಾತನ್ನೂ ಬಲಪುಟಕ್ಕೆ ಸೇರಿಸಲು ಹೇಳಿದರು. ಸೇರಿಸಿದೆ.

ಸಿದ್ದಪ್ಪ ವರಾಂಡಕ್ಕೆ ಬಂದು ಕೈಮುಗಿದ. ಆಸೆಬುರುಕ ಮಗನಲ್ಲ ಅವನು, ಅಪ್ಪನೆಂದರೆ ಜೀವ ಬಿಡುವವ. “ಅಕ್ಕಾರ, ನಮಗೇನೋ ಅಪ್ಪ ಮೊದಲಿನಂಗನ ಕಾಣಸ್ತಾನ್ರಿ. ನೀವು ದಿನಾ ಮಾತಾಡ್ಸೀರಿ. ನಿಮಗ ಏನ ಅನಸ್ತದ?” ಎಂದು ಕೇಳಿದ.

“ಪುಸ್ತಕದಾಗ ಬರದದ ಅಲ್ಲಪ್ಪಾ” ಅಂದೆ.

ಓದು ಬಾರದವನಿಗೆ ಪುಸ್ತಕದ ಮೇಲೆ ಎಷ್ಟು ಭಕ್ತಿ ಎಂದು ನನಗೆ ಗೊತ್ತಿತ್ತು. ಮೇವು ನೀರು ಹುಡುಕುತ್ತ ವರ್ಷದ ಎಂಟು ತಿಂಗಳು ಹಿಂಡಿನ ಜೊತೆ ತಿರುಗುವವರ ಹಟ್ಟಿಯಲ್ಲಿ ಅಜ್ಜನನ್ನು ಕಾಯುವವರು ಯಾರು? ಸತ್ಯವ್ವ ಅಪ್ಪನನ್ನು ಅಕ್ಕಲಕೋಟೆಗೆ ಕರೆದುಕೊಂಡು ಹೋದರು. ಅಲ್ಲಿನ ಸ್ವಾಮಿಗಳ ಗುಡಿಯ ಗಾಳಿ ಬಡಿದರೆ ಬುದ್ಧಿ ತಿಳಿಯಾದೀತು ಎಂಬ ಆಸೆ ಬೇರೆ.

ಕೆಲವು ತಿಂಗಳ ಮೇಲೆ ಅಕ್ಕಲಕೋಟೆಯ ಸೋದರತ್ತೆಯ ಮನೆಗೆ ಹೋಗಿದ್ದೆ. ಗುರುವಾರ, ಗುಡಿಯ ಹಿಂದಿನ ಗಲ್ಲಿಯಲ್ಲಿ, ಒಂದು ಮನೆಯ ಕಟ್ಟೆಯ ಮೇಲೆ ಮಾಳಪ್ಪಜ್ಜ ಕೂತಿದ್ದರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು — ತಲೆ ಕೆಟ್ಟವರು! ಪಕ್ಕದಲ್ಲಿ ಕೂರಿಸಿಕೊಂಡರು. ಬೈಯಲಿಲ್ಲ. ಕುರಿಯ ಲೆಕ್ಕ ಯಾಕೆ ಹೇಳಲಿಲ್ಲ ಅಜ್ಜಾ ಎಂದು ನಾನೇ ಕೇಳಿದೆ.

“ಹಿಂಡ ಎಣಸಬಾರದವಾ. ಎಣಿಸಿದ ಹಿಂಡ ಉಳಿಯೂದಿಲ್ಲ. ನಮ್ಮಪ್ಪ ಎಣಿಸಿಲ್ಲ, ನಾ ಎಣಿಸಿಲ್ಲ. ಸಂಜೀಕ ಒಂದೊಂದರ ಮಾರಿ ನೋಡ್ತೀನಿ, ಯಾವ್ದ ಬಂದಿಲ್ಲ ಅಂತ ತಾನ ತಿಳೀತದ.”

ಆಮೇಲೆ ಒಂದೊಂದನ್ನೇ ಹೇಳುತ್ತ ಹೋದರು. ಕಿವಿ ಹರಿದದ್ದು, ಹಣೆಯಲ್ಲಿ ಬೊಟ್ಟಿದ್ದದ್ದು, ತಾಯಿ ಸತ್ತು ಆಡಿನ ಹಾಲು ಕುಡಿದು ಬೆಳೆದದ್ದು, ಮಂಗಳವೇಢೆಯ ಸಂತೆಯಲ್ಲಿ ತಪ್ಪಿಸಿಕೊಂಡು ತಾನೇ ಹಟ್ಟಿಗೆ ಬಂದದ್ದು. ಯಾವ ಕುರಿಗಾರನೂ ಸತ್ತರೂ ಹೇಳದ ಸಂಖ್ಯೆಯನ್ನು ಈ ಮನುಷ್ಯ ‘ತಡವಿಲ್ಲದೆ ಹೇಳಿದರು’ ಎಂದು ನನ್ನ ಕೈಬರಹದಲ್ಲಿ ಇದೆ.

“ನೀ ಬರದದ್ದಕ್ಕ ಇಲ್ಲಿ ಕುಂತೀನಿ ತಂಗಿ. ನೀನ ಒಂದ ಚೀಟಿ ಬರಕೊಡು, ಮುದುಕನ ತಲಿ ಸುದ್ದ ಐತಿ ಅಂತ. ಸಿದ್ದ್ಯಾ ಅದಕ್ಕ ಒಪ್ತಾನ. ಮಳಿಗಾಲ ಮುಗದದ, ಹಿಂಡ ಹೊಂಡ್ತದ. ಅದ್ರ ಜೋಡಿ ಹೋಗಬೇಕ ನಾ.”

ಒಂದು ಚೀಟಿ. ನಾಲ್ಕು ಸಾಲು. “ಡಾಕ್ಟರ ಸಾಹೇಬರನ್ನ ಕೇಳಿ ಕಳಸ್ತೀನಿ ಅಜ್ಜಾ” ಎಂದೆ.

ಕೇಳಲಿಲ್ಲ. ಡಾಕ್ಟರು ಆ ಪುಸ್ತಕವನ್ನು ಪುಣೆಯಲ್ಲಿ ದೊಡ್ಡ ದೊಡ್ಡ ವೈದ್ಯರ ಮುಂದೆ ಓದುವವರಿದ್ದರು, ಅದರಲ್ಲೂ ಮಾಳಪ್ಪಜ್ಜನ ಪುಟಗಳನ್ನು. ನನ್ನನ್ನು ಮುಂಬಯಿಗೆ ಸಿಸ್ಟರ್ ತರಬೇತಿಗೆ ಕಳಿಸುವ ಶಿಫಾರಸು ಪತ್ರವೂ ಅವರ ಮೇಜಿನ ಮೇಲಿತ್ತು. ಒಂದು ಪುಟ ಸುಳ್ಳು ಅಂದರೆ ಉಳಿದ ಪುಟಗಳ ಗತಿ? ನನ್ನ ಗತಿ? ನಾಳೆ ಹೇಳೋಣ, ಪುಣೆಯಿಂದ ಬಂದ ಮೇಲೆ ಹೇಳೋಣ, ಪತ್ರಕ್ಕೆ ಸಹಿಯಾದ ಮೇಲೆ… ಸಹಿಯಾಯಿತು. ನಾನು ಮುಂಬಯಿಗೆ ಹೋದೆ.

ಅಜ್ಜ ಚೀಟಿಗೆ ಕಾದರು. ಬಾರದಿದ್ದಾಗ ಎರಡು ಸಲ ನಡೆದೇ ಹೊರಟರಂತೆ. ಒಮ್ಮೆ ಮಂದ್ರೂಪದವರೆಗೂ ಮುಟ್ಟಿದ್ದರು, ಯಾರೋ ಗುರುತಿನವರು ಎಸ್‌ಟಿ ಬಸ್ಸು ಹತ್ತಿಸಿ ವಾಪಸು ತಂದರು. ಊರಿಗೆ ಹೊರಟಿದ್ದರು ಅಷ್ಟೆ, ದಾರಿಯೂ ಸರಿಯಾಗಿಯೇ ಇತ್ತು. ಆದರೆ ಎಲ್ಲರೂ ಅಂದದ್ದು, ನೆಟ್ಟಗಿದ್ದವನು ಹೀಗೆ ಎದ್ದು ಹೋಗುತ್ತಾನಾ ಎಂದು. ಎರಡನೆಯ ವರ್ಷ ಆ ಗಲ್ಲಿಯಲ್ಲೇ ತೀರಿಕೊಂಡರು. ಹಿಂಡನ್ನು ಮತ್ತೆ ನೋಡಲಿಲ್ಲ. ಅತ್ತೆಯ ಕಾಗದದಿಂದ ನನಗೆ ತಿಳಿಯಿತು. ಆ ದಿನ ನನಗೆ ಪಾಳಿ ಇತ್ತು, ಎಂದಿನಂತೆ ಮಾಡಿದೆ.

ಈಗ ನಾನು ವಾರ್ಡಿನ ಸಿಸ್ಟರ್. ಹೊಸ ಹುಡುಗಿಯರಿಗೆ ಹೇಳುತ್ತೇನೆ: ಮುದುಕರನ್ನು ಕೊಯ್ಯುವ ಮುಂಚೆ ಒಂದು ಸಂಜೆ ಅವರ ಹತ್ತಿರ ಕೂತುಕೊಳ್ಳಿ, ಮೊದಲು ಹೇಗಿದ್ದರೆಂದು ಗೊತ್ತಿಲ್ಲದವರಿಗೆ ಆಮೇಲೆ ಏನಾಗಿದೆ ಎಂದು ಹೇಳುವ ಅಧಿಕಾರವಿಲ್ಲ. ಹುಡುಗಿಯರು ಬಾಯಿಪಾಠ ಮಾಡುತ್ತಾರೆ. ಇದನ್ನು ಎಲ್ಲಿ ಕಲಿತಿರಿ ಎಂದು ಒಬ್ಬಳು ಕೇಳಿದಳು. ಅನುಭವ ಎಂದೆ. ಎಂಥ ನಾಚಿಕೆಗೇಡು!

ಹೋದ ವಾರ ಡಾಕ್ಟರಿಗೆ ಎಲ್ಲವನ್ನೂ ಕಾಗದದಲ್ಲಿ ಬರೆದು ಹಾಕಿದೆ. ಉತ್ತರ ಬಂದಿಲ್ಲ. ಆಮೇಲೆ ಅಕ್ಕಲಕೋಟೆಗೆ, ಸತ್ಯವ್ವನ ಬಾಗಿಲಿಗೆ ಹೋದೆ. ಅವರು ಚಹಾ ಮಾಡಿಕೊಟ್ಟು, ನಾನು ಕೇಳದೆಯೇ ಅಪ್ಪನ ಮಾತು ತೆಗೆದರು.

“ಕಡೀಕಡೀಕ ಹೊರಗಿಂದ ಚಿಲಕಾ ಹಾಕಿ ಇಡ್ತಿದ್ದೆ ರೀ. ಬಾಗಲಾ ಬಡೀತಿದ್ದ, ನನ್ನ ಹೆಸರ ಹಿಡದ ಕರೀತಿದ್ದ. ಎದಿ ಕಲ್ಲ ಮಾಡಿಕೊಂಡೆ. ತಲಿ ಕೆಟ್ಟದ, ಏನ ಮಾಡೂದು ಅಂತ. ಇಲ್ಲಂದ್ರ ಹಡದಪ್ಪಗ ಯಾರರ ಹಂಗ ಮಾಡ್ತಾರೇನ್ರಿ?”

ಆ ಒಂದು ನಂಬಿಕೆಯ ಮೇಲೆ ಅವರು ಇಷ್ಟು ವರ್ಷ ನಿದ್ದೆ ಮಾಡಿದ್ದಾರೆ. ಹೇಳದೆ ಎದ್ದು ಬಂದುಬಿಡಲೇ ಎಂದು ಯೋಚಿಸಿದೆ. ಅದು ಅವರ ಮೇಲಿನ ದಯೆ ಎಂದು ನನಗೆ ನಾನೇ ಹೇಳಿಕೊಳ್ಳುವುದೂ ಸುಲಭವಿತ್ತು. ಆದರೆ ಹಾಗೆ ಬಂದಿದ್ದರೆ ಅಜ್ಜ ಈ ಮನೆಯಲ್ಲಿ ಹುಚ್ಚರಾಗಿಯೇ ಉಳಿದುಬಿಡುತ್ತಿದ್ದರು.

ಹೇಳಿದೆ. ಎಲ್ಲವನ್ನೂ, ವರಸೆಯಾಗಿ.

ಸತ್ಯವ್ವ ಅಳಲಿಲ್ಲ, ಬೈಯಲೂ ಇಲ್ಲ. ಒಂದೇ ಮಾತು ಕೇಳಿದರು.

“ಅಂದ್ರ ಬಾಗಲಾ ಬಡಿಯೂವಾಗ ನಮ್ಮಪ್ಪನ ತಲಿ ಸುದ್ದ ಇತ್ತೇನು?”

“ಹೌದು” ಎಂದೆ.

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನಾನು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ, ಅದನ್ನು ಕೊಡುವ ಭಾರವನ್ನೂ ಅವರ ಮೇಲೆಯೇ ಹಾಕಿದಂತಾಗುತ್ತಿತ್ತು.